ಧಾರವಾಡದ ಹವೆಯಲ್ಲಿ ಕ್ಲಾಸಿಕಲ್ ಗಿಟಾರ್: ಮಾಡುವವನ ಕಡೆಯಿಂದ ಒಂದಷ್ಟು ಮಾತು, ನಿಮ್ಮ ಅನುಭವವನ್ನೂ ಹೇಳಿ

ಹತ್ತರಿ, ಧಾರವಾಡ:

ಮಾರ್ಚ್ ಬಂತು ಅಂದರೆ ಇಲ್ಲಿ ಒಂದೇ ಪ್ರಶ್ನೆ. ಇಷ್ಟು ದುಡ್ಡು ಕೊಟ್ಟು ತರಿಸಿದ ಕ್ಲಾಸಿಕಲ್ ಗಿಟಾರ್ ಬಿರುಕು ಬಿಟ್ಟಿದೆ, ಏನು ಮಾಡಲಿ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲ ಒಂದೇ ಕಡೆ ಇರಲಿ ಅಂತ ಈ ಚರ್ಚೆ ಶುರು ಮಾಡಿದ್ದೇನೆ. ನಾನು ಧಾರವಾಡದಲ್ಲಿ ಕ್ಲಾಸಿಕಲ್ ಗಿಟಾರ್ ಮಾಡುತ್ತೇನೆ, ರಿಪೇರಿಯೂ ಮಾಡುತ್ತೇನೆ. ನಮ್ಮದು ಬಡಿಗರ ಮನೆತನ. ಅಪ್ಪ ಬಾಗಿಲು ಚೌಕಟ್ಟು, ಮಂಚ, ದೇವರ ಮಂಟಪ ಮಾಡುತ್ತಿದ್ದರು. ಹತ್ತರಿ ಹಿಡಿಯುವುದು, ಉಳಿ ಮಸೆಯುವುದು ಅವರಿಂದ ಬಂದದ್ದು, ಗಿಟಾರ್ ಆಮೇಲೆ ಕಲಿತದ್ದು.

ಮೊದಲು ಒಂದು ಮಾತು. ಕ್ಲಾಸಿಕಲ್ ಗಿಟಾರ್ ಅಂದರೆ ಕಾಲೇಜು ಹುಡುಗರು ಹೆಗಲಿಗೆ ಹಾಕಿಕೊಂಡು ಓಡಾಡುವ ಸ್ಟೀಲ್ ತಂತಿಯ ಗಿಟಾರ್ ಅಲ್ಲ. ಇದಕ್ಕೆ ನೈಲಾನ್ ತಂತಿ, ಬೆರಳಿನಿಂದ ನುಡಿಸುವುದು, ಅಗಲವಾದ ಕುತ್ತಿಗೆ. ಆರೂ ತಂತಿ ಸೇರಿ ಎಳೆಯುವ ಭಾರ ಸುಮಾರು 40 ಕೆ.ಜಿ. ಸ್ಟೀಲ್ ತಂತಿಯದು ಇದರ ಹೆಚ್ಚುಕಮ್ಮಿ ಎರಡರಷ್ಟು. ಎಳೆತ ಕಡಿಮೆ ಇರುವುದರಿಂದಲೇ ಇದರ ಮೇಲ್ಹಲಗೆಯನ್ನು 2ರಿಂದ 2.5 ಮಿ.ಮೀ.ವರೆಗೆ ತೆಳ್ಳಗೆ ಕೀಸಬಹುದು. ಅಷ್ಟು ತೆಳ್ಳಗೆ ಮಾಡಿದರೇನೇ ಅದು ಹಾಡುತ್ತದೆ. ಅಷ್ಟು ತೆಳ್ಳಗಿರುವುದಕ್ಕೇ ಅದು ಸೀಳುತ್ತದೆ ಕೂಡ.

ಬಿರುಕು ಬಿಡುವುದು ಯಾಕೆ? ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಅಡ್ಡಕ್ಕೆ ಮಾತ್ರ ಹವೆಯ ಜೊತೆ ಹಿಗ್ಗಿ ಕುಗ್ಗಿ ಮಾಡುತ್ತಲೇ ಇರುತ್ತದೆ. ಗಿಟಾರಿನ ಕೆಳಭಾಗದ ಅಗಲ 36-37 ಸೆಂ.ಮೀ. ಇರುತ್ತದೆ. ನಮ್ಮ ಜುಲೈ ಹವೆಗೂ ಮಾರ್ಚ್ ಹವೆಗೂ ನಡುವೆ ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರದ ಹಲಗೆ ಅಷ್ಟು ಅಗಲದಲ್ಲಿ ಎರಡು ಮೂರು ಮಿ.ಮೀ. ಕುಗ್ಗಬಹುದು. ಹಲಗೆ ಸುಮ್ನೆ ಬಿಡುವಾಗಿ ಇದ್ದಿದ್ದರೆ ಕುಗ್ಗಿಕೊಂಡು ಸುಮ್ಮನಾಗುತ್ತಿತ್ತು. ಆದರೆ ಅದರ ಒಳಗಡೆ ಅಡ್ಡಪಟ್ಟಿ ಅಂಟಿಸಿರುತ್ತೇವೆ. ಆ ಪಟ್ಟಿಯ ಎಳೆ ಹಲಗೆಯ ಎಳೆಗೆ ಅಡ್ಡವಾಗಿರುತ್ತದೆ, ಹಾಗಾಗಿ ಅದು ಕುಗ್ಗುವುದಿಲ್ಲ. ಹಲಗೆ ಕುಗ್ಗಬೇಕು ಅನ್ನುತ್ತದೆ, ಪಟ್ಟಿ ಬಿಡುವುದಿಲ್ಲ. ಕೊನೆಗೆ ಎಳೆಯ ಗುಂಟ ಟಪ್ ಅಂತ ಬಿಡುತ್ತದೆ.

ಧಾರವಾಡ ಮಲೆನಾಡಿನ ಅಂಚಿನಲ್ಲಿದೆ. ಜೂನ್‌ನಿಂದ ಗೋಡೆಯೂ ಬೆವರುತ್ತದೆ. ಫೆಬ್ರುವರಿ ದಾಟಿತು ಅಂದರೆ ತುಟಿ ಒಡೆಯುವಷ್ಟು ಒಣ ಗಾಳಿ. ಗದಗದ ಕಡೆ ಹೋದರೆ ಇನ್ನೂ ಒಣ. ಗಿಟಾರ್ ಮಾಡುವವರು ಗಾಳಿಯಲ್ಲಿ ತೇವ 45ರಿಂದ 50 ಪರ್ಸೆಂಟ್ ಇರುವಾಗ ಅಡ್ಡಪಟ್ಟಿ ಅಂಟಿಸುತ್ತಾರೆ. ಎಲ್ಲಿಂದಲೋ ಬಂದ ವಾದ್ಯ ಎಷ್ಟು ತೇವದಲ್ಲಿ ಕಟ್ಟಿದ್ದು ಅಂತ ಕೊಂಡವರಿಗೆ ಗೊತ್ತಾಗುವುದೇ ಇಲ್ಲ. ಜಿಟಿಜಿಟಿ ತೇವದಲ್ಲಿ ಕಟ್ಟಿದ್ದರೆ ನಮ್ಮ ಬೇಸಿಗೆಯಲ್ಲಿ ಅದಕ್ಕೆ ಉಳಿಗಾಲ ಇಲ್ಲ, ಒಳಗೆ ಅಂಟಿಸಿರುವ ಚೀಟಿಯಲ್ಲಿ ಯಾವ ಹೆಸರೇ ಇರಲಿ.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ವಾದ್ಯ ಎಲ್ಲಿ ಇರುತ್ತದೋ ಆ ಊರಿನ ಎರಡು ಕಾಲ ನೋಡಿದ ಕೈ ಅದನ್ನು ಕಟ್ಟಿರಬೇಕು, ಅಥವಾ ಕೊನೆಗೆ ಅದನ್ನು ನೋಡಿಕೊಳ್ಳುವ ಕೈಯಾದರೂ ಇಲ್ಲಿ ಇರಬೇಕು.

ನೈಲಾನ್ ತಂತಿ, ಹುಬ್ಬಳ್ಳಿ:

ಅಣ್ಣ, ಇದನ್ನೇ ಕಾಯುತ್ತಿದ್ದೆ. ನನ್ನ ಗಿಟಾರಿಗೆ ಬ್ರಿಡ್ಜ್ (ಮೇಲ್ಹಲಗೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಹತ್ತಿರದಿಂದ ಕೆಳಗಿನ ಅಂಚಿನವರೆಗೆ ಕೂದಲೆಳೆಯಂಥ ಗೆರೆ ಬಿದ್ದಿದೆ. ಉಗುರು ಇಟ್ಟರೆ ಹಿಡಿಯುತ್ತದೆ. ಇನ್ನೊಂದು, ಕುತ್ತಿಗೆಯ ಅಂಚಿನಲ್ಲಿ ಕೈ ಜಾರಿಸಿದರೆ ಅಡ್ಡಕ್ಕೆ ಕೂರಿಸಿದ ಲೋಹದ ಕಡ್ಡಿಗಳಾದ ಫ್ರೆಟ್‌ಗಳು ಗೀರುತ್ತವೆ. ಮೊದಲು ಹೀಗಿರಲಿಲ್ಲ. ಫ್ರೆಟ್ ಬೆಳೆಯುತ್ತದಾ? ಅಂಗಡಿಯಲ್ಲಿ ಕೇಳಿದರೆ ಬಿರುಕಿಗೆ ಸೂಪರ್ ಗ್ಲೂ ಬಿಟ್ಟು ಉಜ್ಜಿಬಿಡಿ ಅಂದರು.

ಹತ್ತರಿ, ಧಾರವಾಡ:

ಫ್ರೆಟ್ ಬೆಳೆದಿಲ್ಲ, ಮರ ಕುಗ್ಗಿದೆ. ಫ್ರೆಟ್ ಲೋಹ, ಅದು ಇದ್ದ ಹಾಗೇ ಇದೆ. ಅದರ ಕೆಳಗಿನ ಫಿಂಗರ್‌ಬೋರ್ಡ್ ಒಣಗಿ ಅಗಲ ಕಡಿಮೆಯಾಗಿದೆ, ತುದಿ ಹೊರಗೆ ಬಂದಿದೆ. ಇದು ಗಿಟಾರ್ ನಿಮಗೆ ಕೊಡುವ ಮೊದಲ ಸೂಚನೆ. ಫ್ರೆಟ್ ಗೀರಲು ಶುರುವಾದ ದಿನವೇ ಎಚ್ಚೆತ್ತುಕೊಂಡರೆ ಹಲಗೆ ಉಳಿಯುತ್ತದೆ.

ಸೂಪರ್ ಗ್ಲೂ ದಯವಿಟ್ಟು ಹಾಕಬೇಡಿ. ಅದು ಮರದ ಎಳೆಯೊಳಗೆ ಇಳಿದು ಗಾಜಿನಂತೆ ಗಟ್ಟಿಯಾಗುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಒಮ್ಮೆ ಅದು ಹೋಯಿತು ಅಂದರೆ ಆ ಜಾಗದಲ್ಲಿ ಬೇರೆ ಯಾವ ಅಂಟೂ ಕೂಡುವುದಿಲ್ಲ. ಮಾಡಬೇಕಾದದ್ದು ಬೇರೆ. ತಂತಿ ಅರ್ಧ ಸಡಿಲ ಮಾಡಿ. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಪಕ್ಕದಲ್ಲಿ ತೂತು ಮಾಡಿದ ಸೋಪಿನ ಡಬ್ಬಿಯೊಳಗೆ ಹಿಂಡಿದ ಸ್ಪಂಜು ಇಡಿ. ನೀರು ತೊಟ್ಟಿಕ್ಕಬಾರದು. ಒಂದೆರಡು ವಾರದಲ್ಲಿ ಮರ ನಿಧಾನ ತೇವ ಕುಡಿದು ಬಿರುಕಿನ ಎರಡು ತುಟಿ ತಾವಾಗಿಯೇ ಹತ್ತಿರ ಬರುತ್ತವೆ. ಆಗ ತೊಗಲು ಕಾಯಿಸಿ ತೆಗೆದ ಅಂಟನ್ನು ಬಿಸಿಯಾಗಿ ಒಳಗೆ ತೀಡಿ ಮುಚ್ಚುವುದು. ಆಮೇಲೆ ಸದ್ದಿನ ತೂತಿನಿಂದ ಕೈ ಹಾಕಿ, ಬಿರುಕಿನ ಹಿಂದೆ ಸಣ್ಣ ಸ್ಪ್ರೂಸ್ ಚೂರುಗಳನ್ನು ಎಳೆ ಅಡ್ಡ ಬರುವಂತೆ ಅಂಟಿಸುವುದು. ಚೂರು ಬೆರಳುಗುರಿನಷ್ಟಿದ್ದರೆ ಸಾಕು, ಅಂಚು ಕೀಸಿ ತೆಳ್ಳಗೆ ಮಾಡಬೇಕು. ದಪ್ಪ ಚೂರು ಹಾಕಿದರೆ ಆ ಜಾಗದ ಸದ್ದು ಸತ್ತುಹೋಗುತ್ತದೆ.

ತೊಗಲಿನ ಅಂಟು ಯಾಕೆ, ಫೆವಿಕಾಲ್ ಸಾಲದಾ ಅಂತ ಕೇಳುತ್ತೀರಿ. ಮಂಚಕ್ಕೆ ಸಾಕು. ಆದರೆ ತೊಗಲಿನ ಅಂಟು ಒಣಗಿದ ಮೇಲೆ ಗರಿಗರಿಯಾಗಿ ಗಟ್ಟಿಯಾಗುತ್ತದೆ, ಭಾರ ಹಾಕಿದರೂ ಜರುಗುವುದಿಲ್ಲ. ಜೊತೆಗೆ ಬಿಸಿ ಮತ್ತು ತೇವ ತೋರಿಸಿದರೆ ಬಿಡುತ್ತದೆ. ನಾಳೆ ಇನ್ನೊಬ್ಬ ರಿಪೇರಿಯವನು ಬಿಚ್ಚಬೇಕಾದರೆ ಹಲಗೆ ಒಡೆಯದೆ ಬಿಚ್ಚಬಹುದು. ನನ್ನ ನಂತರ ಬರುವವನ ಕೆಲಸವನ್ನೂ ನಾನು ಯೋಚಿಸಬೇಕಲ್ವಾ.

ಗದಗ ತಂಬೂರಿ:

ನಮಸ್ಕಾರ. ನಾನು ಗಿಟಾರ್ ಮುಟ್ಟಿದವಳಲ್ಲ. ಗದಗದಲ್ಲಿ ಹಾಡಲು ಕಲಿತವಳು, ಮನೆಯಲ್ಲಿ ಎರಡು ಮಿರಜಿನ ತಂಬೂರಿ ಇವೆ. ನೀವು ಹೇಳಿದ್ದರಲ್ಲಿ ಅರ್ಧ ನಮಗೂ ಗೊತ್ತಿರುವ ಕಥೆ. ಬೇಸಿಗೆಯಲ್ಲಿ ಕುಂಬಳ ಮತ್ತು ಮರ ಕೂಡುವ ಕಡೆ ಬಾಯಿ ಬಿಡುತ್ತದೆ. ನಮ್ಮ ಗುರುಗಳು ಬೇಸಿಗೆ ಬಂತು ಅಂದರೆ ತಂಬೂರಿಗೆ ದಪ್ಪ ಗವಸು ಹೊದಿಸಿ, ಗಾಳಿ ಬೀಸದ ಮೂಲೆಯಲ್ಲಿ ಇಡಿಸುತ್ತಿದ್ದರು. ಮಳೆಗಾಲದಲ್ಲಿ ಜವಾರಿ, ಅಂದರೆ ತಂತಿಯ ಝೇಂಕಾರ, ಮುಚ್ಚಿದ ಹಾಗಾಗಿ ಸದ್ದು ಮಂಕಾಗುತ್ತದೆ, ತಂತಿಯ ಕೆಳಗಿನ ನೂಲು ಎಷ್ಟು ಸರಿಸಿದರೂ ಹತ್ತುವುದಿಲ್ಲ. ನಿಮ್ಮ ಗಿಟಾರಿಗೂ ಜವಾರಿ ಇರುತ್ತದಾ?

ಹತ್ತರಿ, ಧಾರವಾಡ:

ಅಕ್ಕ, ಒಳ್ಳೆಯ ಪ್ರಶ್ನೆ ಕೇಳಿದಿರಿ, ಇದರ ಬಗ್ಗೆ ಮಾತಾಡಲು ನನಗೆ ತುಂಬಾ ಇಷ್ಟ.

ಗಿಟಾರಿಗೂ ತಂತಿ ಕೂಡಲು ಎಲುಬಿನ ಪಟ್ಟಿ ಇರುತ್ತದೆ, ಸ್ಯಾಡಲ್ ಅಂತಾರೆ. ನಾನು ಎಮ್ಮೆ ಎಲುಬು ಬಳಸುತ್ತೇನೆ. ಆದರೆ ಕೆಲಸ ಪೂರ್ತಿ ಉಲ್ಟಾ. ನಿಮ್ಮ ತಂಬೂರಿಯಲ್ಲಿ ತಂತಿ ಕೂಡುವ ಘೋಡಿಯ ಮೇಲ್ಮೈ ಅಗಲ, ಒಂಚೂರು ಬಾಗಿರುತ್ತದೆ. ತಂತಿ ಅದನ್ನು ಸವರುತ್ತಾ ಕಂಪಿಸಬೇಕು, ಆ ಸವರಾಟದಿಂದಲೇ ಮೇಲಿನ ಸ್ವರಗಳು ಒಂದೊಂದಾಗಿ ಅರಳುತ್ತವೆ. ಗಿಟಾರಿನಲ್ಲಿ ತಂತಿ ಒಂದೇ ಒಂದು ಅಂಚಿನಿಂದ ಸ್ಪಷ್ಟವಾಗಿ ಬಿಡಬೇಕು. ನಿಮ್ಮ ಕಡೆ ಯಾವುದನ್ನು ತರಲು ದಿನಗಟ್ಟಲೆ ಕೂತು ಅರದಿಂದ ತಿದ್ದುತ್ತಾರೋ, ನಾವು ಅದನ್ನೇ ಹೋಗಲಾಡಿಸಲು ಕೂರುತ್ತೇವೆ. ಆದರೂ ಎರಡೂ ಕಡೆ ಕೊನೆಯ ತೀರ್ಮಾನ ಕಿವಿಯದೇ. ಒಂದು ಸಲ ಅರ ಎಳೆದು, ತಂತಿ ಏರಿಸಿ, ಕೇಳಿ, ಮತ್ತೆ ಇಳಿಸಿ. ಮಿರಜಿನಲ್ಲಿ ಜವಾರಿ ತೆಗೆಯುವವರ ಪಕ್ಕ ಕೂತು ನೋಡಿದ್ದೇನೆ. ಆ ತಾಳ್ಮೆ ನೋಡಿಯೇ ನನ್ನ ಕೈ ನಿಧಾನವಾಯಿತು.

ಮಳೆಗಾಲದ ಮಾತೂ ಸರಿಯಾಗಿದೆ. ಗಿಟಾರಿನ ಹಲಗೆ ತೇವ ಕುಡಿದು ಉಬ್ಬುತ್ತದೆ, ಬ್ರಿಡ್ಜ್ ಮೇಲೇಳುತ್ತದೆ, ತಂತಿ ಎತ್ತರವಾಗಿ ಬೆರಳು ನೋಯುತ್ತದೆ. ಬೇಸಿಗೆಯಲ್ಲಿ ಹಲಗೆ ಕುಸಿದು ತಂತಿ ಫ್ರೆಟ್ಟಿಗೆ ಬಡಿದು ಝರ್ ಅನ್ನುತ್ತದೆ. ಅದಕ್ಕೇ ನಾನು ಮಾಡಿದ ಪ್ರತಿ ಗಿಟಾರಿಗೂ ಎರಡು ಸ್ಯಾಡಲ್ ಕೊಡುತ್ತೇನೆ, ಮಳೆಗಾಲಕ್ಕೆ ತಗ್ಗಿನದು, ಬೇಸಿಗೆಗೆ ಎತ್ತರದ್ದು. ತಂತಿ ಸಡಿಲ ಮಾಡಿ ಬದಲಿಸಿಕೊಂಡರೆ ಆಯಿತು.

ಇನ್ನೊಂದು ನಂಟು ಇದೆ. ಮಿರಜಿನಲ್ಲಿ ತಂಬೂರಿ, ಸಿತಾರಿಗೆ ಬಳಸುವ ತೂನ್ ಮರ, ಸ್ಪೇನಿನಲ್ಲಿ ಗಿಟಾರ್ ಕುತ್ತಿಗೆಗೆ ಬಳಸುವ ಸೆಡ್ರೊ ಮರದ ದಾಯಾದಿ. ಎರಡೂ ಬೇವಿನ ಕುಟುಂಬದವು. ಹಗುರ, ಬೇಗ ತಿರುಚಿಕೊಳ್ಳುವುದಿಲ್ಲ, ಕೆತ್ತಲು ಮೆತ್ತಗೆ. ನನ್ನ ಗಿಟಾರಿನ ಕುತ್ತಿಗೆ ತೂನ್‌ನದೇ. ಇದಕ್ಕಾಗಿ ಹೊರದೇಶದಿಂದ ಮರ ತರಿಸುವ ಅಗತ್ಯ ನನಗೆ ಕಾಣಲಿಲ್ಲ.

ಹಾವೇರಿ ಮೇಷ್ಟ್ರು:

ಓದಿ ಖುಷಿಯಾಯಿತು. ಆದರೆ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮನ್ಸೂರರು, ಗಂಗೂಬಾಯಿಯವರು, ರಾಜಗುರುಗಳು ಹಾಡಿದ ಊರು ಧಾರವಾಡ-ಹುಬ್ಬಳ್ಳಿ. ಭೀಮಸೇನ ಜೋಶಿಯವರು ಹುಟ್ಟಿದ್ದು ಗದಗ ಸೀಮೆಯಲ್ಲಿ. ಸಿತಾರ್ ರತ್ನ ರಹಿಮತ್ ಖಾನ್ ಬಂದು ನೆಲೆಸಿದ ಊರು ಧಾರವಾಡ. ಇಷ್ಟೆಲ್ಲ ಇದ್ದೂ ನಮ್ಮ ಹಾಡುಗಾರರು ತಂಬೂರಿ ಬೇಕಾದರೆ ಇಂದಿಗೂ ಮಿರಜಿಗೆ ಹೋಗಬೇಕು. ಅಷ್ಟು ಒಳ್ಳೆಯ ಕೈ ಇರುವ ನೀವು ತಂಬೂರಿ ಮಾಡಬಹುದಿತ್ತಲ್ವಾ? ಸ್ಪೇನ್ ದೇಶದ ವಾದ್ಯ ನಮಗೆ ಯಾಕೆ?

ಹತ್ತರಿ, ಧಾರವಾಡ:

ಮೇಷ್ಟ್ರೇ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ಮನೆಯಲ್ಲಿ ಅಪ್ಪನೂ ಇದನ್ನೇ ಕೇಳಿದ್ದರು.

ತಂಬೂರಿ ವಿದ್ಯೆ ಮಿರಜಿನ ಮನೆತನಗಳಲ್ಲಿ ತಲೆಮಾರುಗಳಿಂದ ಬಂದದ್ದು. ಕುಂಬಳ ಬೆಳೆಯುವ ರೈತರಿಂದ ಹಿಡಿದು ಜವಾರಿ ತೆಗೆಯುವವರವರೆಗೆ ಅಲ್ಲಿ ಇಡೀ ಊರೇ ಆ ಕೆಲಸಕ್ಕೆ ಹೊಂದಿಕೊಂಡಿದೆ. ಮಿರಜಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿತು. ಧಾರವಾಡದಿಂದ ರೈಲು ಹತ್ತಿದರೆ ಅರ್ಧ ದಿನದ ದಾರಿ. ಅವರ ಅನ್ನಕ್ಕೆ ನಾನು ಅಡ್ಡ ಹೋಗುವುದು ಬೇಡ, ಅವರಿಗಿಂತ ಚೆನ್ನಾಗಿ ಮಾಡುವ ಮಾತಂತೂ ಇಲ್ಲವೇ ಇಲ್ಲ. ನನ್ನನ್ನು ಹಿಡಿದದ್ದು ಗಿಟಾರ್. ಕೈಗೆ ಇಷ್ಟವಾದ ಕೆಲಸವನ್ನೇ ಅದು ಚೆನ್ನಾಗಿ ಮಾಡುತ್ತದೆ.

ಹೊರಗಿನ ವಾದ್ಯ ಅನ್ನುವ ಮಾತಿಗೆ ಬಂದರೆ, ಪಿಟೀಲು ಎಲ್ಲಿಂದ ಬಂತು? ಹಾರ್ಮೋನಿಯಂ? ಆಕಾಶವಾಣಿಯಲ್ಲಿ 1940ರಿಂದ ಮೂವತ್ತು ವರ್ಷ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಇವತ್ತು ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಒಬ್ಬರಾದರೂ ಅದನ್ನು ಪರಕೀಯ ಅನ್ನುತ್ತಾರಾ? ಪುಟ್ಟರಾಜ ಗವಾಯಿಗಳು ಪಿಟೀಲನ್ನೂ ಹಾರ್ಮೋನಿಯಂ ಅನ್ನೂ ಎಷ್ಟು ಪ್ರೀತಿಯಿಂದ ನುಡಿಸಿದರು. ಮನಸ್ಸಿಟ್ಟು ನುಡಿಸಿದವರದೇ ವಾದ್ಯ.

ಮತ್ತೆ, ಗಿಟಾರ್ ನೀವು ತಿಳಿದಷ್ಟು ದೂರದ್ದಲ್ಲ. ಸ್ಪೇನಿನಲ್ಲಿ ಇವತ್ತು ಕಟ್ಟುವ ಒಳ್ಳೆಯ ಗಿಟಾರುಗಳ ಹಿಂಭಾಗ, ಪಕ್ಕಗಳನ್ನು ನೋಡಿ. ಬಹಳಷ್ಟು ನಮ್ಮ ಬೀಟೆ. ಮೊದಲು ಬ್ರೆಜಿಲ್ ದೇಶದ ಬೀಟೆ ಬಳಸುತ್ತಿದ್ದರು. 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ನಮ್ಮ ಪಶ್ಚಿಮ ಘಟ್ಟದ ಬೀಟೆಯ ಬೇಡಿಕೆ ಅದರಿಂದ ಇನ್ನೂ ಏರಿತು. ಮೇಲೆ ಹಚ್ಚುವ ಪಾಲಿಶ್ ಅರಗಿನದು, ಅದೂ ಹೆಚ್ಚಾಗಿ ನಮ್ಮ ದೇಶದ ಕಾಡಿನಿಂದ ಹೋಗುವುದು. ಮರ ನಮ್ಮದು, ಅರಗು ನಮ್ಮದು. ಕೈ ಮಾತ್ರ ನಮ್ಮದಿರಬಾರದಾ?

ಹಾವೇರಿ ಮೇಷ್ಟ್ರು:

ಒಪ್ಪಿದೆ. ಮಿರಜಿನವರ ಬಗ್ಗೆ ನೀವು ಹೇಳಿದ ರೀತಿ ಇಷ್ಟವಾಯಿತು. ನಮ್ಮ ಶಾಲೆಯ ಹುಡುಗರನ್ನು ಒಮ್ಮೆ ಕರೆದುಕೊಂಡು ಬಂದರೆ ತೋರಿಸುತ್ತೀರಾ?

ಹತ್ತರಿ, ಧಾರವಾಡ:

ಖಂಡಿತ ಬನ್ನಿ ಸರ್. ದೀಪಾವಳಿ ಮುಗಿದ ಮೇಲೆ ಬಂದರೆ ಕಟ್ಟುವ ಕೆಲಸ ನಡೆದಿರುತ್ತದೆ, ನೋಡಲು ಜಾಸ್ತಿ ಇರುತ್ತದೆ.

ಹಳಿಯಾಳ ರಸ್ತೆ:

ಬೀಟೆ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಮ್ಮ ಕಡೆ ಇದಕ್ಕೆ ಸಿಸಂ ಅಂತಲೂ ಅನ್ನುತ್ತಾರೆ. ನಮ್ಮ ಸ್ವಂತ ಜಮೀನಿನಲ್ಲಿರುವ ಮರವನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ನಿಮಗೆ ಮರ ಎಲ್ಲಿಂದ ಸಿಗುತ್ತದೆ? ಕಳ್ಳಮರ ಕೊಡುತ್ತೇವೆ ಅಂತ ಯಾರಾದರೂ ಬಂದರೆ?

ಹತ್ತರಿ, ಧಾರವಾಡ:

ಬಂದಿದ್ದಾರೆ. ಬಾಗಿಲಿನಿಂದಲೇ ಕಳುಹಿಸಿದ್ದೇನೆ. ಒಂದು ಬೀಟೆ ಮರ ಗಿಟಾರಿಗೆ ಬೇಕಾಗುವಷ್ಟು ದಪ್ಪ ಆಗಲು ಒಬ್ಬ ಮನುಷ್ಯನ ಆಯಸ್ಸು ಸಾಲುವುದಿಲ್ಲ. ಅದನ್ನು ರಾತ್ರಿ ಕಡಿದು ತಂದವನ ಮರದಲ್ಲಿ ನಾನು ವಾದ್ಯ ಕಟ್ಟುವುದಿಲ್ಲ.

ದಾರಿ ಎರಡು. ಒಂದು, ಅರಣ್ಯ ಇಲಾಖೆಯ ಡಿಪೋ ಹರಾಜು. ದಾಂಡೇಲಿ ಡಿಪೋ ನಿಮಗೆ ಹತ್ತಿರದ್ದೇ. ಆದರೆ ಅಲ್ಲಿ ಇಡೀ ದಿಮ್ಮಿ ಕೊಳ್ಳಬೇಕು, ನನ್ನಂಥವನಿಗೆ ಒಬ್ಬನಿಗೇ ಆಗುವುದಿಲ್ಲ. ಪೀಠೋಪಕರಣ ಮಾಡುವವರ ಜೊತೆ ಸೇರಿ ಪಾಲು ತೆಗೆದುಕೊಳ್ಳುತ್ತೇನೆ. ಕಾಗದಪತ್ರ ಎಲ್ಲ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ 2017ರ ಜನವರಿಯಿಂದ ಮೊದಲೇ ತಡೆ ಬಿದ್ದಿದ್ದ ಬ್ರೆಜಿಲ್ ಬೀಟೆ ಬಿಟ್ಟು ಉಳಿದ ಬೀಟೆ ಜಾತಿಯ ಮರಗಳೆಲ್ಲ, ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಆಗ ಗಿಟಾರ್ ಹೊರದೇಶಕ್ಕೆ ಕಳುಹಿಸುವುದೇ ಕಷ್ಟವಾಗಿತ್ತು. 2019ರಲ್ಲಿ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಮರಕ್ಕೆ ಮಾತ್ರ ನಿಯಮ ಹಾಗೇ ಇದೆ.

ಎರಡನೆಯದು ನನಗೆ ಹೆಚ್ಚು ಇಷ್ಟ. ಹಳೆಯ ವಾಡೆಗಳನ್ನು ಕೆಡವಿದಾಗ ಸಿಗುವ ತೊಲೆ, ಮುರಿದ ಮಂಚದ ಹಲಗೆ. ಅರವತ್ತು ಎಪ್ಪತ್ತು ಮಳೆಗಾಲ ಬೇಸಿಗೆ ಕಂಡ ಮರ ಅದು. ಹಿಗ್ಗುವುದು ಕುಗ್ಗುವುದು ಎಲ್ಲ ಕಡಿಮೆಯಾಗಿ ಶಾಂತವಾಗಿರುತ್ತದೆ. ಮೊಳೆ ಇದ್ದರೆ ಗರಗಸದ ಹಲ್ಲು ಹೋಗುತ್ತದೆ, ಅದಕ್ಕೆ ಸಾ ಮಿಲ್ಲಿಗೆ ಒಯ್ಯುವ ಮೊದಲು ಕಾಂತ ಹಿಡಿದು ಪೂರ್ತಿ ಸವರಬೇಕು. ಸೀಳಿದಾಗ ಒಳಗಿನ ಚೇಗು ನೇರಳೆ ಕಂದು ಬಣ್ಣದಲ್ಲಿ ಹೊಳೆಯುತ್ತದೆ, ಒಂಥರಾ ಸಿಹಿ ವಾಸನೆ ಕೋಣೆ ತುಂಬುತ್ತದೆ. ಆ ಪುಡಿ ಮೂಗಿಗೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಯೇ ಕೀಸಬೇಕು. ಇದನ್ನು ಮನೆಯಲ್ಲಿ ಮರಗೆಲಸ ಮಾಡುವ ಎಲ್ಲರಿಗೂ ಹೇಳುತ್ತಿದ್ದೇನೆ.

ವಿದ್ಯಾನಗರ ಹುಡುಗ:

ಅಣ್ಣ, ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಗಿಟಾರ್ ಕಟ್ಟಲು ಕಲಿಯಬೇಕು ಅಂತ ಆಸೆ. ಅಳತೆ ಎಲ್ಲ ಕಂಪ್ಯೂಟರಿಗೆ ಹಾಕಿ ಸಿಎನ್‌ಸಿ ಮಷಿನ್‌ನಲ್ಲಿ ಕತ್ತರಿಸಿದರೆ ಹೆಚ್ಚು ನಿಖರ ಆಗುವುದಿಲ್ಲವಾ? ಫ್ರೆಟ್ ಲೆಕ್ಕ ಹೇಗೆ ಮಾಡುತ್ತೀರಿ?

ಹತ್ತರಿ, ಧಾರವಾಡ:

ತಮ್ಮಾ, ಫ್ರೆಟ್ ಲೆಕ್ಕ ಸುಲಭ. ಪೂರ್ತಿ ಗಿಟಾರಿನ ತಂತಿ ಉದ್ದ 650 ಮಿ.ಮೀ. ಅದನ್ನು 17.817ರಿಂದ ಭಾಗಿಸು, 36.48 ಬರುತ್ತದೆ, ಅದು ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸು, ಎರಡನೆಯದು. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ಕ್ಕೆ ಬಂದು ನಿಲ್ಲುತ್ತದೆ. ಬಾರದಿದ್ದರೆ ಎಲ್ಲೋ ತಪ್ಪಾಗಿದೆ ಅಂತ ಅರ್ಥ. ಆಮೇಲೆ ಸ್ಯಾಡಲ್ ಅನ್ನು ಒಂದೂವರೆ ಎರಡು ಮಿ.ಮೀ. ಹಿಂದೆ ಸರಿಸಬೇಕು. ಯಾಕೆಂದರೆ ಒತ್ತಿದಾಗ ತಂತಿ ಒಂಚೂರು ಬಿಗಿಯಾಗಿ ಸ್ವರ ಏರುತ್ತದೆ. ಫ್ರೆಟ್ ಕೂರುವ ಸೀಳುಗಳನ್ನು ಮಷಿನ್‌ನಲ್ಲೇ ಕೊರೆಸು, ಅದರಲ್ಲಿ ನನಗೆ ತಕರಾರಿಲ್ಲ.

ಮೇಲ್ಹಲಗೆ ಮಾತ್ರ ಮಷಿನ್ ಮಾಡುವ ಕೆಲಸ ಅಲ್ಲ. ಒಂದೇ ದಿಮ್ಮಿಯಿಂದ ಸೀಳಿದ ಎರಡು ಸ್ಪ್ರೂಸ್ ಹಲಗೆ ಕೈಗೆ ತಗೋ. ಎರಡನ್ನೂ 2.3 ಮಿ.ಮೀ.ಗೆ ತಂದರೆ ಒಂದು ಬಿಗಿಯಾಗಿ ಇರುತ್ತದೆ, ಇನ್ನೊಂದು ಜೋಲುತ್ತದೆ. ಮಷಿನ್‌ಗೆ ಎರಡೂ 2.3. ಅದಕ್ಕೇ ನಾನು ಹೀಗೆ ಮಾಡುತ್ತೇನೆ. ಹಲಗೆಯ ಮೇಲ್ತುದಿಯಿಂದ ಕಾಲುಭಾಗ ಬಿಟ್ಟು ಎರಡು ಬೆರಳಲ್ಲಿ ಹಿಡಿದು, ನಡುವೆ ಗೆಣ್ಣಿನಿಂದ ತಟ್ಟಿ ಕಿವಿ ಹತ್ತಿರ ಇಟ್ಟುಕೊಳ್ಳುತ್ತೇನೆ. ದಪ್ಪ ಇದ್ದಾಗ ಟಕ್ ಅಂತ ಗಿಡ್ಡ ಸದ್ದು. ಹತ್ತರಿ ಹಾಕುತ್ತಾ ಹೋದಂತೆ ಸದ್ದು ತಗ್ಗಿ, ತುಂಬಿಕೊಂಡು, ಬಾಲ ಉದ್ದವಾಗುತ್ತದೆ. ಎರಡು ಅಂಚು ಹಿಡಿದು ಮೆಲ್ಲಗೆ ಬಾಗಿಸಿ ನೋಡುತ್ತೇನೆ, ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಅಡ್ಡಕ್ಕೆ ಬಾಗುವುದು ಒಂದು ಹದಕ್ಕೆ ಬಂದಾಗ ನಿಲ್ಲಿಸಬೇಕು. ಅಲ್ಲಿಂದ ಇನ್ನೊಂದು ಸಿಪ್ಪೆ ಹೆಚ್ಚು ತೆಗೆದರೆ ಸದ್ದು ದೊಡ್ಡದಾಗುತ್ತದೆ, ಆದರೆ ಗಟ್ಟಿತನ ಹೋಗಿ ಪೊಳ್ಳಾಗುತ್ತದೆ.

ಪಕ್ಕದ ಪಟ್ಟಿ ಬಾಗಿಸುವುದೂ ಹಾಗೇ. ಎರಡು ಮಿ.ಮೀ. ದಪ್ಪದ ಬೀಟೆ ಪಟ್ಟಿಗೆ ನೀರು ಸವರಿ, ಒಳಗಿನಿಂದ ಕಾಯಿಸಿದ ಕಬ್ಬಿಣದ ಕೊಳವೆಗೆ ಒತ್ತಿ ಹಿಡಿದು ಆಚೆ ಈಚೆ ಆಡಿಸುತ್ತಾ ಇರಬೇಕು. ಮೊದಲು ಪಟ್ಟಿ ಜಗಳ ಮಾಡುತ್ತದೆ. ಚುರ್ ಅಂತ ಆವಿ ಏಳುತ್ತದೆ. ಒಂದು ಕ್ಷಣದಲ್ಲಿ ಮರ ಸೋತು ಅಂಗೈಯಲ್ಲೇ ಸಡಿಲವಾಗುತ್ತದೆ. ಜೋಳದ ಹಿಟ್ಟು ರೊಟ್ಟಿಗೆ ಹದವಾಯಿತು ಅಂತ ಅಮ್ಮನ ಕೈಗೆ ಗೊತ್ತಾಗುವ ಹಾಗೆ, ಇದೂ ಕೈಗೇ ಗೊತ್ತಾಗಬೇಕು. ಆ ಕ್ಷಣಕ್ಕಿಂತ ಮೊದಲು ಬಾಗಿಸಿದರೆ ಮುರಿಯುತ್ತದೆ, ತಡ ಮಾಡಿದರೆ ಸುಟ್ಟು ಕಪ್ಪಾಗುತ್ತದೆ.

ಕಲಿಯಬೇಕಾದರೆ ಮೊದಲು ಉಳಿ ಮಸೆಯಲು ಕಲಿ. ಮೊಣಕೈ ಮೇಲಿನ ಕೂದಲು ಬೋಳಿಸುವಷ್ಟು ಹರಿತ ಬರುವವರೆಗೆ ಮರ ಮುಟ್ಟಬೇಡ. ಆಮೇಲೆ ಸಾದಾ ಸಾಗವಾನಿ ಚೂರುಗಳನ್ನು ಬೆಳಕು ತೂರದಂತೆ ಜೋಡಿಸುವುದು. ಓದು ಮುಗಿಸಿ ಬಾ, ನಡುವೆ ಬಿಡಬೇಡ.

ನೈಲಾನ್ ತಂತಿ, ಹುಬ್ಬಳ್ಳಿ:

ಮೇಲ್ಹಲಗೆ ಅಷ್ಟು ಮುಖ್ಯ ಅಂದರೆ ಹಿಂದಿನ ಬೀಟೆಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕು?

ಹತ್ತರಿ, ಧಾರವಾಡ:

ಇದನ್ನು ನೂರಾ ಅರವತ್ತು ವರ್ಷದ ಹಿಂದೆ ಒಬ್ಬ ಪರೀಕ್ಷೆ ಮಾಡಿ ತೋರಿಸಿದ್ದಾನೆ. ಆಂಟೋನಿಯೊ ಡಿ ಟೊರೆಸ್, ಸ್ಪೇನಿನ ಅಲ್ಮೆರಿಯಾದವನು, 1817ರಲ್ಲಿ ಹುಟ್ಟಿದ್ದು. ಇವತ್ತು ಜಗತ್ತಿನಲ್ಲಿ ಕ್ಲಾಸಿಕಲ್ ಗಿಟಾರ್ ಅಂತ ಏನು ಕಟ್ಟುತ್ತೇವೋ ಅದರ ಆಕಾರ, 650 ಮಿ.ಮೀ. ಉದ್ದ, ಒಳಗೆ ಬೀಸಣಿಗೆಯ ಕಡ್ಡಿ ಹಾಗೆ ಹರಡಿದ ಏಳು ತೆಳು ಪಟ್ಟಿ, ಇದೆಲ್ಲ ಗಟ್ಟಿಯಾಗಿ ನೆಲೆಯಾದದ್ದು ಅವನ ಕೈಯಿಂದ. ಅವನೂ ಮೊದಲು ಬಡಿಗನೇ. 1862ರಲ್ಲಿ ಒಳ್ಳೆಯ ಸ್ಪ್ರೂಸ್ ಮೇಲ್ಹಲಗೆ ಹಾಕಿ, ಹಿಂಭಾಗ ಮತ್ತು ಪಕ್ಕಗಳನ್ನು ರಟ್ಟು ಕಾಗದದಿಂದ ಮಾಡಿ ಒಂದು ಗಿಟಾರ್ ಕಟ್ಟಿದ. ಸದ್ದು ಮೇಲ್ಹಲಗೆಯದು ಅಂತ ತೋರಿಸಲು. ಆ ಗಿಟಾರ್ ಇಂದಿಗೂ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ.

ಹಾಗಂತ ಬೀಟೆ ವ್ಯರ್ಥ ಅಲ್ಲ. ಅದು ಭಾರ, ಗಟ್ಟಿ, ಮೇಲ್ಹಲಗೆಯ ಶಕ್ತಿಯನ್ನು ನುಂಗುವುದಿಲ್ಲ, ವಾಪಸ್ ಕೊಡುತ್ತದೆ. ಕೆಳಸ್ವರಗಳಿಗೆ ಒಂದು ಆಳ ಬರುತ್ತದೆ. ಆದರೆ ನಿಮ್ಮ ಹತ್ತಿರ ದುಡ್ಡು ಕಡಿಮೆ ಇದ್ದರೆ ಒಳ್ಳೆಯ ಮೇಲ್ಹಲಗೆಗೆ ಹಾಕಿ, ಹಿಂಭಾಗಕ್ಕೆ ಸಾದಾ ಮರ ಸಾಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸಪ್ತಾಪುರ ಅಮ್ಮ:

ಅಣ್ಣಾವ್ರೇ, ಮಗಳಿಗೆ ಒಂಬತ್ತು ವರ್ಷ. ಗಿಟಾರ್ ಕ್ಲಾಸಿಗೆ ಸೇರಿಸಿದ್ದೇವೆ. ನಿಮ್ಮ ಹತ್ತಿರ ಮಾಡಿಸೋಣವಾ ಅಥವಾ ಅಂಗಡಿಯದೇ ಸಾಕಾ? ಮನೆಯಲ್ಲಿ ಬಿಸಿಲು ಜಾಸ್ತಿ.

ಹತ್ತರಿ, ಧಾರವಾಡ:

ಅಕ್ಕ, ಈಗ ನನ್ನ ಹತ್ತಿರ ಮಾಡಿಸಬೇಡಿ. ಎರಡು ಮೂರು ವರ್ಷದಲ್ಲಿ ಅವಳಿಗೆ ಚಿಕ್ಕದಾಗುತ್ತದೆ. ಅಂಗಡಿಯಲ್ಲಿ ಮುಕ್ಕಾಲು ಅಳತೆಯ ನೈಲಾನ್ ತಂತಿಯದು ಕೇಳಿ, ಕೂರಿಸಿ ಕೈ ಎಟಕುತ್ತದಾ ನೋಡಿ, ಇನ್ನೂ ದೊಡ್ಡದು ಅನ್ನಿಸಿದರೆ ಅರ್ಧ ಅಳತೆಯದೂ ಸಿಗುತ್ತದೆ. ಪ್ಲೈವುಡ್ ಮೇಲ್ಹಲಗೆ ಇರಲಿ, ಬೇಜಾರಿಲ್ಲ. ಪ್ಲೈವುಡ್ ಅಂದರೆ ಪದರ ಪದರ ಅಡ್ಡ ಉದ್ದ ಅಂಟಿಸಿದ್ದು, ಅದು ನಮ್ಮ ಬೇಸಿಗೆಗೂ ಸೀಳುವುದಿಲ್ಲ. ಸದ್ದು ಕಡಿಮೆ, ಆದರೆ ಮಗುವಿಗೆ ಸಾಕು. ಕೊಂಡ ಮೇಲೆ ಒಮ್ಮೆ ತನ್ನಿ, ತಂತಿ ಎತ್ತರ ಇಳಿಸಿ ಕೊಡುತ್ತೇನೆ. ಅಂಗಡಿಯಿಂದ ಬಂದವು ಹೆಚ್ಚಾಗಿ ತಂತಿ ಎತ್ತರವಾಗಿಯೇ ಬರುತ್ತವೆ, ಮಕ್ಕಳು ಬೆರಳು ನೋವಿಗೆ ಬಿಟ್ಟುಬಿಡುತ್ತಾರೆ. ಅವಳಿಗೆ ಸಂಗೀತ ಬರುವುದಿಲ್ಲ ಅಂತ ಮನೆಯವರು ತಿಳಿಯುತ್ತಾರೆ. ಇದು ನನಗೆ ತುಂಬಾ ಸಂಕಟದ ವಿಷಯ.

ಕಿಟಕಿ ಬಿಸಿಲಿಗೆ, ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಪ್ಲೈವುಡ್ ಆದರೂ ಬ್ರಿಡ್ಜಿನ ಅಂಟು ಬಿಸಿಗೆ ಬಿಡುತ್ತದೆ.

ವಿದ್ಯಾನಗರ ಹುಡುಗ:

ಇದರಲ್ಲಿ ಹೊಟ್ಟೆ ತುಂಬುತ್ತದಾ ಅಣ್ಣ? ನೇರವಾಗಿ ಕೇಳುತ್ತಿದ್ದೇನೆ.

ಹತ್ತರಿ, ಧಾರವಾಡ:

ರಿಪೇರಿಯಿಂದ ತುಂಬುತ್ತದೆ. ಹೊಸ ಗಿಟಾರ್ ಕಟ್ಟುವುದರಿಂದ ಮಾತ್ರ ಅಂದರೆ ಸಾಲುವುದಿಲ್ಲ. ವಾರದಲ್ಲಿ ಜಾಸ್ತಿ ದಿನ ಸ್ಟೀಲ್ ಗಿಟಾರ್, ಹಾರ್ಮೋನಿಯಂ ಪೆಟ್ಟಿಗೆ, ಪಿಟೀಲು, ಯಾರದೋ ಅಜ್ಜನ ಕಾಲದ ದಿಲ್‌ರುಬಾ, ಇವೇ ಬರುತ್ತವೆ. ಟೊರೆಸ್‌ನ ಕಥೆ ಹೇಳಿದೆನಲ್ಲ. ಅಂಥವನೇ 1870ರ ಸುಮಾರಿಗೆ ಸೆವಿಲ್ ಊರಿನ ಗಿಟಾರ್ ಅಂಗಡಿ ಮುಚ್ಚಿ, ಅಲ್ಮೆರಿಯಾಕ್ಕೆ ವಾಪಸ್ ಹೋಗಿ ಪಿಂಗಾಣಿ ಪಾತ್ರೆಯ ಅಂಗಡಿ ಇಟ್ಟ. ಕೆಲವು ವರ್ಷ ಬಿಟ್ಟು, ಅಂಗಡಿ ನೋಡಿಕೊಳ್ಳುತ್ತಲೇ ಮತ್ತೆ ಗಿಟಾರ್ ಕಟ್ಟಲು ಶುರು ಮಾಡಿದ. 1892ರಲ್ಲಿ ಸಾಯುವವರೆಗೂ ಕಟ್ಟಿದ. ಕೆಲಸ ಬಿಡಲು ಅವನಿಗೆ ಆಗಲಿಲ್ಲ.

ಜನ ಬಂದು ಆನ್‌ಲೈನ್‌ನಲ್ಲಿ ಎಂಟು ಸಾವಿರಕ್ಕೆ ಸಿಗುತ್ತದೆ, ನೀವು ಯಾಕೆ ಇಷ್ಟು ಹೇಳುತ್ತೀರಿ ಅಂತಾರೆ. ನಾನು ಜಗಳ ಆಡುವುದಿಲ್ಲ. ಒಳಗೆ ಕರೆದು ಅಟ್ಟದ ಮೇಲೆ ಒಣಗಲು ಇಟ್ಟ ಹಲಗೆ ತೋರಿಸುತ್ತೇನೆ. ಪ್ರತಿ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ತೂಕ ಬರೆದಿರುತ್ತೇನೆ, ಜುಲೈಗೆ ಒಂದು, ಏಪ್ರಿಲ್‌ಗೆ ಒಂದು, ವರ್ಷವರ್ಷಕ್ಕೂ. ಹಲಗೆ ತೂಕ ಏರಿಳಿಯುವುದು ಸಣ್ಣದಾಗುತ್ತಾ ಬಂದಿದ್ದು ಅಲ್ಲಿ ಕಾಣುತ್ತದೆ. ಅದು ಸಾಕಷ್ಟು ಸಣ್ಣದಾಗುವವರೆಗೆ ನಾನು ಆ ಹಲಗೆ ಮುಟ್ಟುವುದಿಲ್ಲ. ಅಡ್ಡಪಟ್ಟಿ ಅಂಟಿಸುವ ಕೆಲಸ ನವೆಂಬರ್‌ನಿಂದ ಜನವರಿ ಒಳಗೆ ಮಾತ್ರ. ಮಳೆಗಾಲದಲ್ಲಿ ಕುತ್ತಿಗೆ ಕೆತ್ತುವುದು, ಸದ್ದಿನ ತೂತಿನ ಸುತ್ತ ಹಾಕುವ ಚಿತ್ತಾರದ ಚೂರು ಜೋಡಿಸುವುದು. ಅರಗಿನ ಪಾಲಿಶ್ ಫೆಬ್ರುವರಿಯಲ್ಲಿ, ಮಳೆಗಾಲದಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಹಿಡಿಯುತ್ತದೆ. ನನ್ನ ವರ್ಷ ಇಲ್ಲಿನ ಹವೆಯ ಮೇಲೆ ನಡೆಯುತ್ತದೆ. ಅದಕ್ಕೆ ತಕ್ಕ ಬೆಲೆ ಹೇಳುತ್ತೇನೆ, ಕೆಲವರು ಕೊಡುತ್ತಾರೆ.

ಗದಗ ತಂಬೂರಿ:

ಎಸಿ ಹಾಕಿ, ತೇವ ಹೀರುವ ಮಷಿನ್ ಇಟ್ಟರೆ ವರ್ಷಪೂರ್ತಿ ಕೆಲಸ ಮಾಡಬಹುದಲ್ಲ? ನನ್ನ ತಮ್ಮ ಕೇಳುತ್ತಿದ್ದಾನೆ.

ಹತ್ತರಿ, ಧಾರವಾಡ:

ಮಾಡಬಹುದು ಅಕ್ಕ, ದೊಡ್ಡ ಕಾರ್ಖಾನೆಗಳು ಹಾಗೇ ಮಾಡುತ್ತವೆ, ಅದರಲ್ಲಿ ತಪ್ಪಿಲ್ಲ. ನನಗೆ ಕರೆಂಟು ನಂಬಿ ಆ ಕೆಲಸ ಮಾಡುವ ಧೈರ್ಯ ಇಲ್ಲ. ಅಂಟು ಒಣಗುವ ಹೊತ್ತಿಗೆ ಮಧ್ಯಾಹ್ನವಿಡೀ ಕರೆಂಟು ಹೋದರೆ ಕೋಣೆಯ ಹವೆ ಬದಲಾಗುತ್ತದೆ. ತೇವ ಅಳೆಯುವ ಮೀಟರ್ ಮಾತ್ರ ಎಲ್ಲರೂ ಇಟ್ಟುಕೊಳ್ಳಿ. ಐನೂರು ರೂಪಾಯಿ ಒಳಗೆ ಸಿಗುತ್ತದೆ. ನಿಮ್ಮ ತಂಬೂರಿ ಇರುವ ಕೋಣೆಯಲ್ಲೂ ಒಂದು ತೂಗುಹಾಕಿ. 40ಕ್ಕಿಂತ ಇಳಿದರೆ ಗವಸಿನೊಳಗೆ ಆ ಸೋಪಿನ ಡಬ್ಬಿ ಸ್ಪಂಜು ಇಡಿ, ಕುಂಬಳಕ್ಕೆ ತಾಗದಂತೆ.

ನೈಲಾನ್ ತಂತಿ, ಹುಬ್ಬಳ್ಳಿ:

ನಾನು ಇವತ್ತೇ ತಂತಿ ಸಡಿಲ ಮಾಡಿ ಸ್ಪಂಜು ಇಟ್ಟೆ. ಪೆಟ್ಟಿಗೆಯಲ್ಲಿ ಮೀಟರ್ 31 ತೋರಿಸುತ್ತಿದೆ. ಯಾವಾಗ ತರಲಿ?

ಹತ್ತರಿ, ಧಾರವಾಡ:

31 ಅಂದರೆ ಬಹಳ ಒಣ. ದಿನಕ್ಕೊಮ್ಮೆ ಸ್ಪಂಜು ನೋಡಿ, ಒಣಗಿದ್ದರೆ ಮತ್ತೆ ಒದ್ದೆ ಮಾಡಿ ಹಿಂಡಿ ಇಡಿ. ಅವಸರ ಮಾಡಿ ಜಾಸ್ತಿ ನೀರು ಹಾಕಬೇಡಿ, ಹಲಗೆ ಒಮ್ಮೆಲೇ ಉಬ್ಬಿದರೆ ಪಟ್ಟಿ ಕಿತ್ತುಬರುತ್ತದೆ. ಮೀಟರ್ 48-50ಕ್ಕೆ ಬಂದು ಒಂದು ವಾರ ಅಲ್ಲೇ ನಿಂತ ಮೇಲೆ, ಬಿರುಕಿನ ಮೇಲೆ ಉಗುರು ಆಡಿಸಿ ನೋಡಿ. ಹಿಡಿಯದಿದ್ದರೆ ಫೋಟೋ ಹಾಕಿ ತನ್ನಿ. ಬಸ್ಸಿನಲ್ಲಿ ಬರುವುದಾದರೆ ಪೆಟ್ಟಿಗೆಯನ್ನು ಮೇಲಿನ ಕಪಾಟಿಗೆ ಹಾಕಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ.